ಬುರುಡೆಯ ಕೆಳಗಿನ ಜರಡಿ

ಹನ್ನೊಂದನೆಯ ದಿನದ ಗಣಾರಾಧನೆ ಮುಗಿದು, ಊಟಕ್ಕೆ ಬಂದವರೆಲ್ಲ ಗಾಡಿ ಹತ್ತಿ ಹೋದ ಮಾರನೆಯ ಬೆಳಿಗ್ಗೆ, ಹೊನ್ನೂರಿನ ಆ ತೊಟ್ಟಿಮನೆಯಲ್ಲಿ ಯಾರೂ ಅಳಲಿಲ್ಲ. ಹಾಲು ಕರೆದರು, ಒಲೆ ಹಚ್ಚಿದರು, ಅಂಗಳ ಗುಡಿಸಿದರು. ಶಂಕರಮ್ಮ ಕಂಬಕ್ಕೆ ಒರಗಿ ಕೂತು, ಇನ್ನು ಮೇಲೆ ಎಲ್ಲ ಬೆಳಗೂ ಹೀಗೇ ಇರುತ್ತದೆ ಎಂದುಕೊಂಡಳು. ಅಷ್ಟು ಬಿಟ್ಟು ಬೇರೇನೂ ತೋಚಲಿಲ್ಲ. ಗಂಡ ಸದಾಶಿವಪ್ಪ ಒಂಬತ್ತು ದಿನದ ಜ್ವರದಲ್ಲಿ ಹೋಗಿದ್ದ. ಮದುವೆಯಾಗಿ ಎರಡು ವರ್ಷವಾಗಿತ್ತು. ಅವಳು ಮೈಸೂರಿನಲ್ಲಿ ಬಿ.ಎ. ಓದಿದವಳು, ಅವನು ಹೈಸ್ಕೂಲು ಮುಗಿಸಿ ಗದ್ದೆಗೆ ಇಳಿದವನು.

ತೊಟ್ಟಿಯ ಮೇಲೆ ಗುಬ್ಬಿಗಳು ಗಲಾಟೆ ಮಾಡುತ್ತಿದ್ದವು.

"ಬುರುಡೆ ಬರಿದಾಗಿ ಕುಂತದೆ ಕಣವ್ವ," ಎಂದರು ಅತ್ತೆ ದೊಡ್ಡಬಸಮ್ಮ, ಅಡುಗೆಮನೆಯ ಬಾಗಿಲಿಂದ. "ಅವ್ನು ಮಲಗ್ದಾಗಿಂದ ಯಾರೂ ತುಂಬಿಲ್ಲ. ಒಂದಿಡಿ ಉಯ್ಯಿ."

ಆ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ತೆನೆಗಳನ್ನು ಗೊಂಚಲು ಹೆಣೆದು ಗುಬ್ಬಿಗೆಂದು ಸೂರಿಗೆ ಕಟ್ಟುವ ರೂಢಿ. ಗುಬ್ಬಿ ತಿನ್ನುವುದು ಕಾಲು ಪಾಲು, ಚೆಲ್ಲುವುದು ಮುಕ್ಕಾಲು. ಚೆಲ್ಲಿದ್ದಕ್ಕೆ ಇಲಿ, ಇಲಿಯ ಹಿಂದೆ ಹಾವು. ಹೋದ ಮಳೆಗಾಲದಲ್ಲಿ ನಡುಮನೆಗೇ ಹಾವು ಬಂದ ಮೇಲೆ ಸದಾಶಿವಪ್ಪ ಗೊಂಚಲು ಬಿಚ್ಚಿ ಬಿಸಾಕಿ ಈ ಬುರುಡೆಯ ಹಿಂದೆ ಬಿದ್ದ. ತೊಟ್ಟಿಯ ಸೂರಿಗೆ ತಂತಿಯಲ್ಲಿ ತೂಗಿದ, ಒಣಗಿದ ಸೋರೆ ಬುರುಡೆ. ಅದರ ಹೊಟ್ಟೆಗೆ ಕಿರುಬೆರಳು ಹಿಡಿಸುವ ನಾಲ್ಕು ತೂತು, ತೂತಿಗೊಂದು ಗುಬ್ಬಿ ಕಾಲೂರುವ ಕಡ್ಡಿ. ಮೇಲೆ ಸೀಮೆಎಣ್ಣೆ ಡಬ್ಬದ ತಗಡನ್ನು ಬಗ್ಗಿಸಿ ಕೊಡೆ ಮಾಡಿದ್ದ, ಅಳಿಲು ತಂತಿ ಹಿಡಿದು ಇಳಿದರೆ ಜಾರಲಿ ಎಂದು. ಅದರ ಮೇಲೆ ತಂತಿಗೆ ಪೋಣಿಸಿದ ತೆಂಗಿನ ಚಿಪ್ಪಿನಲ್ಲಿ ನೀರು, ಇರುವೆ ದಾಟದಂತೆ. ಬುರುಡೆಯ ಕೆಳಗೆ, ಚೆಲ್ಲಿದ ಕಾಳು ಹಿಡಿಯಲು, ಮೂರು ದಾರದಲ್ಲಿ ತೂಗಿದ ಜರಡಿ. ಅಳಿಲು ಸೋತಿತ್ತು, ಇರುವೆಯೂ ಸೋತಿತ್ತು. ಇಲಿ ಮಾತ್ರ ದಿನಾ ರಾತ್ರಿ ಬರುತ್ತಲೇ ಇತ್ತು.

"ಯಾವ ಕಾಳು ಹಾಕ್ಲಿ ಅತ್ತೆ?"

"ನವಣೆ, ರಾಗಿ ಎರಡೂ ಬೆರ್ಸು. ಗುಬ್ಬಿಗೆ ಒಂದೇ ಕಾಳ ಇಕ್ಕುದ್ರೆ ಒಲದಲ್ಲೂ ಒಂದೇ ಬೆಳೆ ಕೈಗತ್ತದು ಅಂತ ನಮ್ಮತ್ತೆ ಏಳೋರು. ಆ ಜರಡಿ ಮಾತ್ರ ಜ್ವಾಪಾನ. ಅದು ನಮ್ದಲ್ಲ. ಅಗರದ ಮಲ್ಲೀದು, ಇವ್ನು ಇಸ್ಕಬಂದಿದ್ದ. ಕೊಟ್ ಕಳುಸ್ಬೇಕು."

ಶಂಕರಮ್ಮನ ಕೈ ನಿಂತಿತು.

ಅಗರದ ಪುಟ್ಟಮಲ್ಲಮ್ಮ ಸದಾಶಿವಪ್ಪನ ಸೋದರತ್ತೆಯ ಮಗಳು. ಹುಟ್ಟಿದಾಗಲೇ ಇವನಿಗೆಂದು ಮಾತಾಗಿತ್ತು. ಇವನು ಓದಿದ ಹುಡುಗಿ ಬೇಕೆಂದು ಹಟ ಹಿಡಿದು ಶಂಕರಮ್ಮನನ್ನು ತಂದಿದ್ದ. ಮಲ್ಲಿಗೆ ಅಗರದಲ್ಲೇ ಬೇರೆ ಮದುವೆಯಾಯಿತು. ವರಸೆಯಲ್ಲಿ ಶಂಕರಮ್ಮ ಅವಳನ್ನು ಅಕ್ಕ ಎನ್ನಬೇಕು. ಒಬ್ಬ ಗಂಡಸನ್ನು ಕಟ್ಟಿಕೊಳ್ಳಬಹುದಾಗಿದ್ದವರೆಲ್ಲ ಒಬ್ಬರಿಗೊಬ್ಬರು ಅಕ್ಕತಂಗಿಯರು ಎನ್ನುವ ಆ ವರಸೆ ಅವಳಿಗೆ ಹಿಂದೆಂದೂ ಕಚ್ಚಿರಲಿಲ್ಲ.

ಮಧ್ಯಾಹ್ನ ಅವನ ಪೆಟ್ಟಿಗೆ ತೆಗೆದಾಗ ಬುರುಡೆಯ ಚಿತ್ರಗಳಿದ್ದ ಪುಸ್ತಕವೊಂದು ಸಿಕ್ಕಿತು. ತೂತಿನ ಅಳತೆ, ತಗಡಿನ ಓರೆ, ಎಲ್ಲ ಪೆನ್ಸಿಲಿನಲ್ಲಿ ಬರೆದಿದ್ದ. ಪಕ್ಕದಲ್ಲಿ: ಮಲ್ಲಿ ಹೇಳಿದಳು, ಕಡ್ಡಿ ಗಿಡ್ಡವಿದ್ದರೆ ಕಾಗೆ ಕೂರಲಾರದು. ಮಲ್ಲಿ ಹೇಳಿದಳು, ತೂತು ಮೇಲ್ಮುಖವಾಗಿರಲಿ. ಮಲ್ಲಿ ಹೇಳಿದಳು, ಬೆರಕೆ ಕಾಳೇ ಹಾಕಬೇಕು. ಕೊನೆಯ ಪುಟದಲ್ಲಿ: ಜರಡಿಯಲ್ಲಿ ಏನೂ ಉಳಿದಿಲ್ಲ, ಆದರೂ ಇಲಿ ಬರುತ್ತಿದೆ. ಯಾಕೆ?

ಶಂಕರಮ್ಮನ ಹೆಸರು ಎಲ್ಲೂ ಇರಲಿಲ್ಲ. ಅವಳು ಮೊದಲಿಂದ ಇನ್ನೊಮ್ಮೆ ನೋಡಿದಳು. ಇರಲಿಲ್ಲ.

ಗಂಡ ವಾರಕ್ಕೆ ಎರಡು ಸಲ ಸೈಕಲ್ ಹತ್ತಿ ಹೋಗುತ್ತಿದ್ದುದು ಗದ್ದೆಗೆ ನೀರು ಬಿಡುವ ನೀರಗಂಟಿಯನ್ನು ನೋಡಲು ಎಂದು ಅವಳು ತಿಳಿದಿದ್ದಳು. ಅವನು ಹಾಗೆ ಹೇಳಿಯೂ ಇರಲಿಲ್ಲ, ಇವಳು ಕೇಳಿಯೂ ಇರಲಿಲ್ಲ. ಬುರುಡೆ ಏನೆಂದು ಒಮ್ಮೆ ಕೇಳಿದ್ದಕ್ಕೆ, "ಏನೋ ಮಾಡ್ತಿದೀನಿ, ಆದ್ಮೇಲೆ ನೋಡುವಂತೆ," ಎಂದು ನಕ್ಕಿದ್ದ. ಹನ್ನೊಂದು ದಿನ ಕಲ್ಲಿನಂತಿದ್ದವಳ ಎದೆಯಲ್ಲಿ ಈಗ ಏನೋ ಉರಿಯಿತು. ಸತ್ತವನ ಮೇಲೆ ಸಿಟ್ಟು ಮಾಡುವಂತಿಲ್ಲ. ಜರಡಿಯ ಮೇಲೆ ಮಾಡಬಹುದು. ಸ್ಟೂಲು ಹತ್ತಿ ಮೂರು ದಾರವನ್ನೂ ಕತ್ತರಿಸಿ ಅದನ್ನು ಇಳಿಸಿ ಗೋಡೆಗೆ ಒರಗಿಸಿದಳು. ಈ ಬುರುಡೆ ತನ್ನ ಮನೆಯದು; ಇದರಲ್ಲಿ ಮಲ್ಲಿಯದೊಂದು ಎಳೆಯೂ ಬೇಡ. ಜರಡಿಯ ಜಾಗಕ್ಕೆ ಮನೆಯ ಮೊರ ಕಟ್ಟಿದಳು.

ಸಂಜೆ ಮೊರ ಇಳಿಸಿದಾಗ ಅದರ ತುಂಬ ರಾಗಿ. ಬೆರಳಾಡಿಸಿ ನೋಡಿದಳು. ಒಂದು ಕಾಳು ನವಣೆ ಇಲ್ಲ.

ಮಾರನೆಯ ದಿನ ಕಂಬದ ಮರೆಯಲ್ಲಿ ಕೂತು ಗುಬ್ಬಿಗಳನ್ನೇ ನೋಡಿದಳು. ತೂತಿಗೆ ಕೊಕ್ಕು ಹಾಕಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ರಾಗಿಯನ್ನು ಎರಚಿ, ಒಳಗಿನ ನವಣೆ ಹೆಕ್ಕುತ್ತಿದ್ದವು. ಜರಡಿ ನವಣೆ ತಡೆದು ಸಣ್ಣದನ್ನು ಇಳಿಸುವಂಥದು. ಅದರ ಕಣ್ಣಿನಲ್ಲಿ ರಾಗಿ ನಿಲ್ಲದು. ಎರಚಿದ್ದೆಲ್ಲ ಇಳಿದು ತೊಟ್ಟಿಯ ಕಲ್ಲುಸಂದಿಗೆ ಸೇರುತ್ತಿತ್ತು. ಇಲಿಗೆ ದಿನಾ ಹಬ್ಬ. ಅವಳು ಬುರುಡೆ ಬರಿದು ಮಾಡಿ ಬರೀ ನವಣೆ ತುಂಬಿದಳು. ಅತ್ತೆ ಕಂಡರೂ ಏನೂ ಅನ್ನಲಿಲ್ಲ. ಆ ದಿನಗಳಲ್ಲಿ ಯಾರೂ ಅವಳಿಗೆ ಏನೂ ಅನ್ನುತ್ತಿರಲಿಲ್ಲ. ನಾಲ್ಕನೆಯ ರಾತ್ರಿಗೆ ಇಲಿ ಬರುವುದು ನಿಂತಿತು.

ಅವನು ಕೇಳಿದ 'ಯಾಕೆ'ಗೆ ಉತ್ತರ ಅವಳಿಗೆ ಸಿಕ್ಕಿತ್ತು. ಅದನ್ನು ಯಾರಿಗಾದರೂ ಹೇಳಬೇಕೆಂದರೆ ಉಳಿದಿದ್ದವಳು ಮಲ್ಲಿಯೊಬ್ಬಳೇ. ಹೋಗಿ, ಜರಡಿ ಮುಂದಿಟ್ಟು, ನೀನು ಹೇಳಿಕೊಟ್ಟದ್ದೇ ತಪ್ಪು ಎನ್ನಬೇಕು. ಮುಖ ಹೇಗಾಗುತ್ತದೋ ನೋಡಬೇಕು. ತಿಂಗಳು ತುಂಬುವವರೆಗೆ ಶಂಕರಮ್ಮನನ್ನು ಎಬ್ಬಿಸಿ ಕೂರಿಸಿದ್ದು ಆ ಆಸೆ.

ತಿಂಗಳಾದ ಮೇಲೆ ಅತ್ತೆ ಗಾಡಿ ಕಟ್ಟಿಸಿ ಕಳಿಸಿದರು.

ಅಗರದ ಮನೆಯಲ್ಲಿ ಮಲ್ಲಿ ಒಬ್ಬಳೇ ಇದ್ದಳು. ಗಂಡ ಆಲೆಮನೆಗೆ ಹೋಗಿದ್ದ. ದಪ್ಪ ಕೈಗಳ, ಬಿಸಿಲಿಗೆ ಕಂದಿದ ಹೆಂಗಸು. ಶಂಕರಮ್ಮ ಚೆಲುವೆಯೊಬ್ಬಳನ್ನು ಕಲ್ಪಿಸಿಕೊಂಡಿದ್ದಳು. ಚೆಲುವೆಯಾಗಿದ್ದರೆ ವಾಸಿಯಿತ್ತು.

"ಬಾ ತಂಗಿ. ಕುಂತ್ಕೊ," ಎಂದು ಮಲ್ಲಿ ಚಾಪೆ ಹಾಸಿದಳು.

ಶಂಕರಮ್ಮ ತಲೆ ಎತ್ತಿದಳು. ಪಡಸಾಲೆಯ ತೊಲೆಗೆ ಬುರುಡೆ ತೂಗುತ್ತಿತ್ತು. ಅದೇ ಕೊಡೆ, ಅದೇ ಚಿಪ್ಪು, ಕೆಳಗೆ ಇನ್ನೊಂದು ಜರಡಿ. ಹೊಗೆ ಹಿಡಿದು ಕಪ್ಪಾಗಿದ್ದ ಇದೇ ಮೊದಲನೆಯದು. ತನ್ನ ಮನೆಯಲ್ಲಿರುವುದು ಇದರ ನಕಲು. ಇಲ್ಲಿ ಸದಾಶಿವಪ್ಪ ತಗಡಿನ ಅಂಚನ್ನು ಮಡಚಿ ಬಡಿದಿದ್ದ, ಕೈಗೆ ತಾಗದಂತೆ. ಮನೆಯದರ ಅಂಚು ಹಾಗೇ ಹರಿತವಾಗಿತ್ತು.

"ಜೋಡಿ ಜರಡಿ," ಎಂದಳು ಮಲ್ಲಿ, ಅವಳ ಕಣ್ಣು ಹೋದ ಕಡೆ ನೋಡಿ. "ಒಂದ ನಿಮ್ಮನೆಗೆ ಒತ್ಕಂಡೋದ. ಏನ್ ತಪ್ಪು ಮಾಡಿದ್ನೊ ಅದ್ರಲ್ಲಿ, ಎಷ್ಟ್ ಸಲ ಕಿತ್ನೊ, ಎಷ್ಟ್ ಸಲ ಕಟ್ನೊ. ಒಂದಿನ ತೂತ ದೊಡ್ಡದು ಮಾಡ್ಬುಟ್ಟು ಕಾಳೆಲ್ಲ ಅವನ ತಲೆ ಮ್ಯಾಲೇ ಸುರ್ಕಂಡಿತ್ತು. ನಕ್ಕೂ ನಕ್ಕೂ ಸಾಕಾಯ್ತು ನಂಗೆ."

"ನನಗೆ ಏನೂ ತೋರಿಸ್ಲಿಲ್ಲ ಅವ್ರು."

"ತೋರುಸ್ತಾನಾ? ನಿನ್ ಕಂಡ್ರೆ ಎದ್ರಿಕೆ ಕಣ್ ತಂಗಿ. 'ಓದ್ದೋಳ ಮುಂದೆ ಪೆದ್ದ ಆಗಕ್ಕಾಯ್ತದಾ ಮಲ್ಲಿ, ಇಲಿ ನಿಲ್ಲಲಿ, ಆಮೇಕೆ ಕರ್ದು ತೋರುಸ್ತೀನಿ' ಅಂತಿದ್ದ. ನನ್ ಮುಂದೆ ಪೆದ್ದ ಆದ್ರೆ ಏನೂ ಇಲ್ವಲ್ಲ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಓದ್ದೋಳು ಬೇಕು ಅಂತ ನನ್ ಬುಟ್ಟ. ತಂದ್ಕಂಡ್ಮೇಲೆ ಇಲ್ ಬಂದು ಪೆದ್ದಾಟ ಆಡ್ದ."

ಆ ಮಾತಿನಲ್ಲಿ ವಿಷವಿತ್ತು, ಮತ್ತು ಅದನ್ನು ಮುಚ್ಚಿಡುವ ಗೋಜಿಗೆ ಮಲ್ಲಿ ಹೋಗಲಿಲ್ಲ. ಶಂಕರಮ್ಮನಿಗೆ ಸಿಕ್ಕವನು ಒಗೆದ ಅಂಗಿ ತೊಟ್ಟ, ಅಳೆದು ಮಾತಾಡುವ ಗಂಡ. ತಲೆಯ ಮೇಲೆ ಕಾಳು ಸುರಿದುಕೊಂಡು ನಿಂತವನನ್ನು ಅವಳು ಕಂಡೇ ಇರಲಿಲ್ಲ. ಅವನ ತಪ್ಪುಗಳೆಲ್ಲ ಈ ಮನೆಯ ಪಾಲಿಗೆ ಬಂದಿದ್ದವು.

ಹೇಳಬೇಕೆಂದು ಬಂದ ಮಾತು ನಾಲಿಗೆಯ ತುದಿಯಲ್ಲಿತ್ತು. ಜರಡಿಯ ಕೆಳಗೆ, ಕೆಮ್ಮಣ್ಣು ಸಾರಿಸಿದ ನೆಲದಲ್ಲಿ, ಅದೇ ಬಣ್ಣದ ರಾಗಿ ಹರಡಿತ್ತು. ಗೊತ್ತಿದ್ದು ನೋಡಿದವರಿಗಷ್ಟೇ ಕಾಣುವಂತಿತ್ತು.

"ಇಲಿ ಮಾತ್ರ ನಿಲ್ಲಲೇ ಇಲ್ಲ ನೋಡು," ಎಂದಳು ಮಲ್ಲಿ. "ಮೊನ್ನೆ ಬಿತ್ತನೆ ಮೂಟೇನೇ ಕೊರ್ದಾಕವೆ. ಅವ್ನು ಇದ್ದಿದ್ರೆ ಏನಾರ ಕಂಡಿಡೀತಿದ್ನೇನೊ. ನಿಮ್ಮನೇಲೂ ಇಲಿ ಬತ್ತವಾ?"

ಶಂಕರಮ್ಮ ನೆಲ ನೋಡಿದಳು. ಯಾಕೆಂದು ಹೇಳಿಬಿಟ್ಟರೆ ಅವನ ಈ ತಪ್ಪೂ ಇಲ್ಲಿಯದಾಗುತ್ತದೆ. ನಕ್ಕೂ ನಕ್ಕೂ ಸಾಕಾದ ಕತೆಗಳ ಜೊತೆ ಸೇರಿ, ಬಂದವರಿಗೆಲ್ಲ ಮಲ್ಲಿ ಹೇಳುವ ಇನ್ನೊಂದು ಕತೆಯಾಗುತ್ತದೆ. ಅವನ ಒಂದು ತಪ್ಪಾದರೂ ತನ್ನ ಬಳಿ ಉಳಿಯಬೇಕು.

"ಬರ್ತವೆ ಅಕ್ಕ," ಎಂದಳು. "ದಿನಾ ಬರ್ತವೆ."

ಶಂಕರಮ್ಮ ಮಡಿಲ ಮೇಲಿದ್ದ ಬಟ್ಟೆಯ ಗಂಟು ಬಿಚ್ಚಿ, ಒರೆಸಿ ತಂದ ಜರಡಿಯನ್ನು ಎರಡೂ ಕೈಯಲ್ಲಿ ಎತ್ತಿ ಮಲ್ಲಿಗೆ ಕೊಟ್ಟಳು.