ಗೂಡಿನಲ್ಲಿಟ್ಟ ಮೂರನೆಯ ಡಬ್ಬಿ

ಮದ್ದೂರಿನ ರಹೀಮುನ್ನೀಸಾ ಮನೆಯಲ್ಲೇ ಮಾಡುತ್ತಿದ್ದ ಸ್ನೋ ಕ್ರೀಮು ಹೇಗಿದೆ ಎಂದು ಕೇಳಿದರೆ, ಕೇಳಿದ ದಿನದ ಮೇಲೆ ಉತ್ತರ ಬದಲಾಗುತ್ತಿತ್ತು. ಮಾಡಿದ ದಿನವೇ ಮುಖಕ್ಕೆ ಹಚ್ಚಿಕೊಂಡವರು ವಿಲಾಯಿತಿಯಿಂದ ಬರುತ್ತಿದ್ದ ಸ್ನೋಗಿಂತ ಇದೇ ಮೇಲು ಎನ್ನುತ್ತಿದ್ದರು. ಹದಿನೈದು ದಿನ ಬಿಟ್ಟು ಡಬ್ಬಿ ತೆರೆದವರು ಮಾತ್ರ ಗೋಡೆಯ ಸುಣ್ಣ ಕೆರೆದಂತೆ ಉಗುರಿನಿಂದ ಕೆರೆದು, ಆಮೇಲೆ ಅವಳ ಮುಖ ನೋಡುತ್ತಿದ್ದರು.

ತಪ್ಪು ಸ್ನೋದ್ದಲ್ಲ, ಮುಚ್ಚಳದ್ದು. ಸರಿಯಾಗಿ ಹೇಳಬೇಕೆಂದರೆ ಮುಚ್ಚಳದೊಳಗಿನ ಬಿಲ್ಲೆಯದು. ಎರಡನೆಯ ಮಹಾಯುದ್ಧ ಶುರುವಾಗಿ ನಾಲ್ಕು ವರ್ಷ ದಾಟಿತ್ತು. ಬೆಂಗಳೂರಿನಿಂದ ಗಾಜಿನ ಡಬ್ಬಿ ಹೇಗೋ ಬರುತ್ತಿತ್ತು, ತಿರುಪಿನ ತಗಡು ಮುಚ್ಚಳವೂ ಬರುತ್ತಿತ್ತು. ಮುಚ್ಚಳದೊಳಗೆ ಕೂತು ಗಾಜಿನ ಬಾಯನ್ನು ಬಿಗಿಯಾಗಿ ಒತ್ತಿ ಹಿಡಿಯುವ ಕಾರ್ಕಿನ ಬಿಲ್ಲೆ ಮಾತ್ರ ನಿಂತುಹೋಗಿತ್ತು. ಅದು ಹಡಗಿನಲ್ಲಿ ಬರುವ ಮಾಲು. ಹಡಗುಗಳಿಗೆ ಆಗ ಬೇರೆ ಕೆಲಸವಿತ್ತು. ಆ ಒಂದು ಬಿಲ್ಲೆ ಇಲ್ಲದೆ ಸ್ನೋದ ನೀರೂ ಹಾರಿಹೋಗುತ್ತಿತ್ತು, ಗುಲಾಬಿಯ ವಾಸನೆಯೂ ಹಾರಿಹೋಗುತ್ತಿತ್ತು.

ಹೋದರೆ ಹೋಗಲಿ ಎಂದು ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ಗಂಡ ಹಮೀದ್ ಲಾರಿ ರಿಪೇರಿ ಮಾಡುತ್ತಿದ್ದವನು, ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ಮನೆಯಲ್ಲಿ ಉಳಿದವರು ಅವಳು ಮತ್ತು ಅವಳ ಅತ್ತೆ ಅಖ್ತರ್ ಬೇಗಂ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು, ಹಗಲಿಗೂ ರಾತ್ರಿಗೂ ಅಷ್ಟು ವ್ಯತ್ಯಾಸವಿರಲಿಲ್ಲ. ಮೈಸೂರಿನಲ್ಲಿದ್ದ ರಹೀಮುನ್ನೀಸಾಳ ಅಣ್ಣ ಅಫ್ಸರ್ ಪಾಷಾ ಬಂದಾಗಲೆಲ್ಲ ಒಂದೇ ಮಾತು: ನೀನು ನಮ್ಮ ಮನೆಗೆ ಬಾ, ಮುದುಕಿಯನ್ನು ಬೆಳಕವಾಡಿಯ ಅವರ ನೆಂಟರ ಮನೆಯಲ್ಲಿ ಬಿಡೋಣ. ಕೆಟ್ಟ ಮನುಷ್ಯನೇನಲ್ಲ, ಅವನ ಮನೆಯಲ್ಲಿ ಇನ್ನೊಂದು ಚಾಪೆ ಹಾಸಲು ಜಾಗವಿರಲಿಲ್ಲ. ಆದರೆ ರಹೀಮುನ್ನೀಸಾ ಹದಿನಾಲ್ಕಕ್ಕೆ ಸೊಸೆಯಾಗಿ ಬಂದವಳು. ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಹಮೀದ್ ಹೋದ ದಿನ ತಬ್ಬಿಕೊಂಡದ್ದು, ಎಲ್ಲ ಈ ಮುದುಕಿಯೇ. ಅವಳನ್ನು ಬಿಟ್ಟು ಹೋಗುವುದೆಂದರೆ ಎರಡನೆಯ ಸಲ ತಾಯಿಯನ್ನು ಕಳೆದುಕೊಂಡಂತೆಯೇ.

ಸ್ನೋ ನಡೆದರೆ ಇಬ್ಬರೂ ಒಟ್ಟಿಗಿರಬಹುದಿತ್ತು. ಮಂಡ್ಯದ ಪೇಟೆಯಲ್ಲಿ ಬಳೆ, ಕುಂಕುಮ, ಸೋಪು ಮಾರುವ ಅಂಗಡಿಯ ಮಹದೇವಯ್ಯ ಮಾಲು ತೆಗೆದುಕೊಳ್ಳಲು ತಯಾರಿದ್ದರು. ಮೊದಲ ಸಲ ಅವಳು ತೆಳ್ಳಗಿನ ಚರ್ಮದ ಬಿಲ್ಲೆ ಹಾಕಿದ ಡಬ್ಬಿ ಒಯ್ದಿದ್ದಳು. ಅವರು ಮುಚ್ಚಳ ತೆಗೆದು ನೋಡಿ ಹಾಗೇ ಕೆಳಗಿಟ್ಟರು.

"ಇದೇನಮ್ಮ, ಚರ್ಮ ಇಟ್ಟಿದ್ದೀರಲ್ಲ! ಕುಂಕುಮದ ಪಕ್ಕ ಮಡಗೋ ಡಬ್ಬಿ ಇದು. ನಮ್ಮ ಹೆಂಗಸ್ರು ಮೊದ್ಲು ಮುಚ್ಚಳಕ್ಕೆ ಅಂಟಿರೋದ್ನೇ ಬೆರಳಲ್ಲಿ ಒರೆಸಿ ಮುಖಕ್ಕೆ ಅಚ್ಕೊಳ್ಳೋದು. ಚರ್ಮ ಅಂತ ಗೊತ್ತಾದ್ರೆ ಡಬ್ಬಿ ನನ್ ಮುಖದ ಮೇಲೆ ಬೀಳ್ತದೆ."

"ಬೇರೆ ಹಾಕಿ ತತ್ತೀನಿ, ಸಾವ್ಕಾರ್ರೆ."

"ತನ್ನಿ. ಆದ್ರೆ ಒಂದು ತಿಂಗಳು ನಿಮ್ಮನೇಲೇ ಮಡಗಿ ನೋಡಿ. ತಿಂಗಳಾದ ಮೇಲೂ ಮೆತ್ತಗೆ, ಘಮ್ ಅಂತ ಇದ್ರೆ ನಾನೇ ಮಾರ್ತೀನಿ. ಇಲ್ದಿದ್ರೆ ಮತ್ತೆ ಬರ್ಬೇಡಿ, ಬೇಜಾರು ಮಾಡ್ಕೋಬೇಡಿ."

ಹಮೀದನ ಗೆಳೆಯ ಗಫಾರ್ ತಗಡು ಕೆಲಸದವನು. ಬಿಲ್ಲೆ ಕತ್ತರಿಸಿ ಕೊಡಲು ಅವನೇ ಒಪ್ಪಿಕೊಂಡ. ಸೈಕಲ್ ಟ್ಯೂಬಿನಿಂದ ಒಂದು ಕತ್ತರಿಸಿದ. ದಪ್ಪ ರಟ್ಟಿಗೆ ಮೇಣ ಕುಡಿಸಿ ಇನ್ನೊಂದು. ಮಳವಳ್ಳಿಗೆ ಹೋದಾಗ ಬಾಸಿಂಗ ಮಾಡುವವರ ಮನೆಯಿಂದ ಒಂದು ಹಿಡಿ ಬೆಂಡನ್ನೂ ಕೇಳಿ ತಂದ. ಕೆರೆಯಲ್ಲಿ ಬೆಳೆಯುವ ಬೆಂಡು ಬೆಳ್ಳಗೆ, ಹಗುರ. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಉಬ್ಬುತ್ತದೆ.

"ಭಾಬಿ, ಕಾರ್ಕಿನ ಅಣ್ಣ ಇದು, ನೋಡಿ," ಎಂದ ಗಫಾರ್.

ಆದರೆ ಕಾರ್ಕಿನ ಈ ಅಣ್ಣನಿಗೆ ಒಂದು ದುರ್ಗುಣವಿತ್ತು. ಮೂರೇ ದಿನದಲ್ಲಿ ಸ್ನೋದ ನೀರನ್ನೆಲ್ಲ ಕುಡಿದು ಊದಿಕೊಂಡಿತು. ರಹೀಮುನ್ನೀಸಾ ಅದನ್ನು ಎಸೆಯಲು ಹೊರಟವಳು, ಅತ್ತೆಯ ಹರಿದ ರಜಾಯಿ ಹೊಲಿಯುತ್ತ ಕೂತಾಗ ಒಂದು ಸಂಗತಿ ಗಮನಿಸಿದಳು. ರಜಾಯಿಯ ಹತ್ತಿ ಮೈಗೆ ತಾಗುವುದೇ ಇಲ್ಲ, ತಾಗುವುದು ಅಸ್ತರು. ಬೆಚ್ಚಗಿಡುವುದು ಒಂದು, ಮೈಗೆ ತಾಗುವುದು ಇನ್ನೊಂದು. ಹಾಗಾದರೆ ಬೆಂಡು ಮೇಲಿಂದ ಒತ್ತಲಿ, ಸ್ನೋಗೆ ತಾಗುವುದಕ್ಕೆ ಬೇರೆ ಏನಾದರೂ ಇರಲಿ! ಹಲಗೂರಿನ ಕಡೆಯಿಂದ ಬಂದ ಜೇನುಮೇಣ ಕರಗಿಸಿ, ಒಳ್ಳೆಯ ಕಾಗದಕ್ಕೆ ಎರಡೂ ಬದಿ ಸವರಿ, ಬೆಂಡಿನ ಬಿಲ್ಲೆಗೆ ಅದನ್ನು ಅಸ್ತರು ಮಾಡಿದಳು. ಅಂದು ರಾತ್ರಿ ಖುಷಿಗೆ ಅವಳಿಗೆ ಊಟ ಸೇರಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ಮೂರು ಡಬ್ಬಿಗೆ ಸ್ನೋ ತುಂಬಿದಳು. ಮೊದಲನೆಯದಕ್ಕೆ ಟ್ಯೂಬು, ಎರಡನೆಯದಕ್ಕೆ ರಟ್ಟು, ಮೂರನೆಯದಕ್ಕೆ ಬೆಂಡು. ಮನೆಯಲ್ಲಿ ತಣ್ಣಗಿರುವ ಜಾಗ ಒಂದೇ, ನಡುಮನೆಯ ಗೋಡೆಗೂಡು. ಹಮೀದ್ ಇದ್ದಾಗ ಅವನ ಅತ್ತರಿನ ಶೀಶೆಗಳು ಅಲ್ಲಿರುತ್ತಿದ್ದವು. ಮನೆಗೆ ಬಂದವರು ಹೊರಡುವಾಗ ಅಖ್ತರ್ ಬೇಗಂ ಆ ಗೂಡಿನಿಂದ ಶೀಶೆ ತೆಗೆದು, ಮಣಿಕಟ್ಟಿಗೆ ಒಂದು ಗೀರು ಅತ್ತರು ಸವರದೆ ಯಾರನ್ನೂ ಹೊಸಿಲು ದಾಟಿಸಿದ್ದಿಲ್ಲ. ಈಗ ಶೀಶೆಗಳೆಲ್ಲ ಬರಿದು. ರಹೀಮುನ್ನೀಸಾ ಡಬ್ಬಿಗಳನ್ನು ಅಲ್ಲಿ ಸಾಲಾಗಿ ಇಟ್ಟು, ತಿಂಗಳ ತನಕ ಮುಟ್ಟುವುದಿಲ್ಲ ಎಂದು ತನಗೆ ತಾನೇ ಆಣೆ ಹಾಕಿಕೊಂಡಳು. ಅತ್ತೆಗೆ ಹೇಳಬೇಕೆಂದು ತೋಚಲೇ ಇಲ್ಲ. ಕಣ್ಣು ಕಾಣದವರಿಗೆ ಡಬ್ಬಿಯಿಂದ ಏನಾಗಬೇಕು?

ಆ ತಿಂಗಳೆಲ್ಲ ಅವಳು ಹಿತ್ತಲ ಒಲೆಯ ಮುಂದೆಯೇ ಇದ್ದಳು. ಮುಂಬಾಗಿಲಿಗೆ ಬಂದವರು ಅತ್ತೆಯ ಪಾಲು. ಮೊಸರಿನ ಮಂಚಮ್ಮ ಬಂದಳು, ಬೀದಿಯ ಬೀಬಿಯರು ಬಂದರು, ಮಾತಾಡಿ ಹೋದರು.

ತಿಂಗಳು ತುಂಬಿದ ದಿನ ಮೊದಲನೆಯ ಡಬ್ಬಿ ತೆರೆದಳು. ಸ್ನೋ ಮೆತ್ತಗಿತ್ತು, ಆದರೆ ಅಂಚು ಹಳದಿಗಟ್ಟಿ ಟ್ಯೂಬಿನ ನಾತ ಹೊಡೆಯುತ್ತಿತ್ತು. ಎರಡನೆಯದು ಬೇಸಗೆಯ ಗದ್ದೆಯ ಹಾಗೆ ಬಿರುಕು ಬಿಟ್ಟಿತ್ತು. ಎಲ್ಲ ಆಸೆಯೂ ಮೂರನೆಯದರ ಮೇಲಿತ್ತು. ಅದನ್ನೂ ತೆರೆದಳು. ಬಾಯಿತುಂಬ ತುಂಬಿದ್ದ ಸ್ನೋ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಒಣಗಿದ ಸ್ನೋ ಕುಗ್ಗುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು, ಇಷ್ಟು ಕುಗ್ಗಿದ್ದನ್ನು ಮಾತ್ರ ನೋಡಿರಲಿಲ್ಲ. ಎಲ್ಲಕ್ಕಿಂತ ಸೋತದ್ದು ತನ್ನ ಬೆಂಡೇ ಎಂದುಕೊಂಡು, ಮೂಗಿನ ಹತ್ತಿರ ಹಿಡಿಯುವ ಗೋಜಿಗೂ ಹೋಗದೆ ಮುಚ್ಚಳ ತಿರುಗಿಸಿ ಗೂಡಿನಲ್ಲಿಟ್ಟಳು. ಅಂದೇ ಅಣ್ಣನಿಗೆ ಕಾರ್ಡು ಬರೆಸಿದಳು: ಬಂದು ಕರೆದುಕೊಂಡು ಹೋಗು.

ಅತ್ತೆಗೆ ಹೇಳಿದಾಗ ಮುದುಕಿ ತನ್ನ ರಜಾಯಿಯನ್ನು ತಡವಿ ಮಡಚಿಟ್ಟಳು. ಆಮೇಲೆ, "ಬೆಳಕವಾಡೀಲಿ ಹೊಳೆ ಗಾಳಿ ಚೆನ್ನಾಗಿರ್ತದೆ ಅಂತಾರೆ," ಎಂದಳು. ರಹೀಮುನ್ನೀಸಾ ಹಿತ್ತಲಿಗೆ ಹೋಗಿ ಅತ್ತಳು.

ಭಾನುವಾರ ಅಫ್ಸರ್ ಪಾಷಾ ಬಂದ. ಎರಡು ಗಂಟು ಬಾಗಿಲ ಬಳಿ ಕೂತಿದ್ದವು. ಮುದುಕಿಯನ್ನು ಬೆಳಕವಾಡಿಗೆ ಗಫಾರ್ ಮಾರನೆಯ ದಿನ ಮುಟ್ಟಿಸುವುದೆಂದು ಮಾತಾಗಿತ್ತು. ಊಟವಾಯಿತು, ರೈಲಿನ ಹೊತ್ತಾಯಿತು.

"ಇರಪ್ಪ, ಬರಿಗೈಲಿ ಹೋಗ್ಬಾರ್ದು," ಎಂದು ಅಖ್ತರ್ ಬೇಗಂ ಎದ್ದಳು. ಗೋಡೆ ತಡವುತ್ತ ಗೂಡಿನ ಹತ್ತಿರ ಹೋದಳು. ಮೊದಲನೆಯ ಡಬ್ಬಿ ತೆಗೆದು ಮೂಸಿದಳು, ಮುಖ ಸಿಂಡರಿಸಿ ಮುಚ್ಚಿಟ್ಟಳು. ಎರಡನೆಯದನ್ನು ಮೂಸಿದಳು, ಅದನ್ನೂ ಇಟ್ಟಳು. ಮೂರನೆಯದನ್ನು ತೆರೆದು, ತೋರುಬೆರಳಿನಿಂದ ಇಷ್ಟು ತೆಗೆದು, ಉಳಿದದ್ದರ ಮೇಲ್ಭಾಗವನ್ನು ನಯವಾಗಿ ಸವರಿ ಸಮಮಾಡಿ, ಅಫ್ಸರ್ ಪಾಷಾನ ಮಣಿಕಟ್ಟಿಗೆ ತಿಕ್ಕಿದಳು. ನಡುಮನೆಯಲ್ಲಿ ಗುಲಾಬಿ ಘಮ್ಮೆಂದಿತು.

ರಹೀಮುನ್ನೀಸಾ ಅತ್ತೆಯ ಹತ್ತಿರ ಬಂದಳು.

"ಅಮ್ಮೀ, ಇದನ್ನ ಎಷ್ಟು ದಿನದಿಂದ ತೆಗೀತಾ ಇದ್ದೀರಿ?"

"ನೀನು ಇಟ್ಟ ದಿನದಿಂದ. ಅತ್ತರು ಮುಗಿದ್ಮೇಲೆ ಬಂದೋರನ್ನ ಹಾಗೇ ಕಳಿಸೋಕೆ ನಂಗೆ ನಾಚಿಕೆ ಆಗ್ತಿತ್ತು. ನಂಗೋಸ್ಕರ ಇಟ್ಟಿದ್ದೀಯ ಅಂದ್ಕೊಂಡೆ."

"ಇದೊಂದನ್ನೇ ಯಾಕೆ ತೆಗೆದಿರಿ?"

"ಆ ಎರಡೂ ಮೊದಲ್ನೇ ವಾರಕ್ಕೇ ಸತ್ತುಹೋದ್ವು, ಬೇಟಾ. ಒಂದು ಸೈಕಲ್ ಅಂಗಡಿ ಇದ್ದಂಗದೆ, ಇನ್ನೊಂದಕ್ಕೆ ವಾಸ್ನೆನೇ ಇಲ್ಲ. ಇದು ಮಾತ್ರ ದಿನಾ ತೆಗೆದ್ರೂ ಮೊದಲ್ನೇ ದಿನದ ಹಾಗೇ ಇದೆ."

ರಹೀಮುನ್ನೀಸಾ ಡಬ್ಬಿಯನ್ನು ಇಸಕೊಂಡು ಬೆರಳಾಡಿಸಿದಳು. ತಳದ ತನಕ ಬೆಣ್ಣೆಯಂತೆ ಮೆತ್ತಗಿತ್ತು. ಒಣಗಿದ್ದಲ್ಲ, ಬಂದವರ ಕೈಗಳಿಗೆ ಹಂಚಿಹೋದದ್ದು! ತಿಂಗಳುಪೂರ್ತಿ ಅತ್ತೆ ಮಾಡಿದ ಪರೀಕ್ಷೆಯನ್ನು ಕಣ್ಣಿದ್ದ ತಾನು ಒಂದು ಗಳಿಗೆ ನೋಡಿ ತಪ್ಪು ಓದಿದ್ದಳು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಅಣ್ಣನ ಕೈಗಿಟ್ಟಳು.

"ಭಾಯಿಜಾನ್, ದಾರೀಲಿ ಮಂಡ್ಯದಲ್ಲಿ ಇಳಿದು ಇದನ್ನ ಮಹದೇವಯ್ಯನೋರಿಗೆ ಕೊಡು. ತಿಂಗಳಿಂದ ದಿನಾ ತೆಗೆದಿರೋ ಡಬ್ಬಿ, ಮೂಸಿ ನೋಡಿ ಅಂತ ಹೇಳು. ಎಷ್ಟು ಬೇಕು ಕೇಳ್ಕೊಂಡು ಕಾರ್ಡು ಬರಿ."

"ನೀನು?" ಎಂದ ಅಫ್ಸರ್ ಪಾಷಾ.

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಅವಳ ಕಡೆ ತಿರುಗಿದಳು. ಮುದುಕಿಯ ಬೆರಳಿನಲ್ಲಿ ಇನ್ನೂ ಒಂದಿಷ್ಟು ಸ್ನೋ ಉಳಿದಿತ್ತು. ಗಾಳಿಯಲ್ಲಿ ತಡಕುತ್ತ, "ನಿನ್ನ ಕೈ ಎಲ್ಲಿ, ಬೇಟಾ? ನೀನೂ ಹೊರಟಿದ್ದೀಯಲ್ಲ," ಎಂದಳು.

ರಹೀಮುನ್ನೀಸಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಅದು ಹೋಗೋರಿಗೆ, ಅಮ್ಮೀ," ಎಂದಳು. "ನಂಗೆ ಯಾಕೆ?"