ಸ್ಟಾಪಿಲ್ಲದ ಜಾಗ

ಆ ಸುದ್ದಿ ಬಂದ ದಿನ ಡ್ರೈವರಣ್ಣ ಬಸ್ ಶೆಡ್ಡಿನ ಎದುರಿನ ಚಹಾದಂಗಡಿಯಲ್ಲಿ ಕೂತು ನಗುತ್ತಿದ್ದ. ಅದನ್ನು ನೆನೆದರೆ ಇಂದಿಗೂ ಅವನ ಮೈ ಹಿಡಿಯಷ್ಟಾಗುತ್ತದೆ. ಅಲ್ಲಿ ಹೆಂಡತಿಯ ಉಸಿರು ನಿಂತ ಹೊತ್ತಿನಲ್ಲಿ ಇಲ್ಲಿ ತಾನು ಹಲ್ಲು ಕಿರಿಯುತ್ತಿದ್ದೆನಲ್ಲ ಎಂದು.

ನಗಿಸುತ್ತಿದ್ದವನು ಕಂಡಕ್ಟರ್. ಒಂದೇ ಬಸ್ಸಿನಲ್ಲಿ ಇಬ್ಬರೂ ಆಯುಷ್ಯ ಸವೆಸಿದವರು, ಒಂದೇ ವರ್ಷ ನಿವೃತ್ತರಾದವರು. ಕೆಲಸ ಬಿಟ್ಟರೂ ಬೆಳಗಾದರೆ, ಗಾಣ ಬಿಟ್ಟ ಎತ್ತು ಗಾಣದ ಬುಡಕ್ಕೇ ಬಂದು ನಿಲ್ಲುವ ಹಾಗೆ, ಶೆಡ್ಡಿನ ಎದುರು ಬಂದು ಕೂರುತ್ತಿದ್ದರು. ಅಂದು ತಮ್ಮ ಹಳೆಯ ಬಸ್ಸಿನ ಮಾತು ಬಂದಿತ್ತು. ಬಸ್ಸಿಗೆ ಹಳದಿ ಮೈ. ಒಮ್ಮೆ ಲಾರಿಯೊಂದು ತಾಗಿ ಡ್ರೈವರನ ಕಡೆಯ ಬಾಗಿಲು ಕಿತ್ತುಹೋದಾಗ ಕಂಪನಿಯ ಮಾಲೀಕ ಗುಜರಿಯಿಂದ ಯಾವುದೋ ಬಸ್ಸಿನ ನೀಲಿ ಬಾಗಿಲು ತಂದು ಕೂರಿಸಿದ. ಅದಕ್ಕೊಂದು ಕೈ ಹಳದಿ ಬಣ್ಣ ಬಳಿಸಲಿಲ್ಲ.

"ಅವನು ಎಂಜಲು ಕೈಯಲ್ಲಿ ಕಾಗೆ ಓಡಿಸಿದವನಲ್ಲ ಗುರುವೇ" ಎಂದ ಕಂಡಕ್ಟರ್. "ಆದ್ರೆ ಒಂದು ಉಪಕಾರ ಆಯ್ತು. ಮೈಲಿ ದೂರದಿಂದಲೇ ಜನ 'ನೀಲಿ ಬಾಗಿಲು ಬಂತು' ಅಂತ ಎದ್ದು ನಿಲ್ಲೋರು. ಅತ್ತಿಗೆ ಅದಕ್ಕೆ ಏನೋ ಹೆಸರಿಟ್ಟಿದ್ರಲ್ಲ?"

"ಸವತಿ" ಎಂದು ಡ್ರೈವರಣ್ಣ ನಕ್ಕ. "ಡ್ಯೂಟಿ ಮುಗಿಸಿ ಹೋದ್ರೆ ನೀರು ಕೊಡೋಕೆ ಮುಂಚೆ ಕೇಳೋಳು, 'ನನ್ನ ಸವತಿ ಚೆನ್ನಾಗಿದ್ದಾಳಾ? ತೇಪೆ ಸೀರೆ ಬದಲಾಯಿಸಿದ್ಲಾ?' ಅಂತ."

ಅದೇ ನಗುವಿನ ನಡುವೆ ಕಾರೊಂದು ಬಂದು ನಿಂತಿತು. ಇಳಿದವನು ಹೆಂಡತಿಯ ತಮ್ಮ, ಸೈಕಲ್ ಅಂಗಡಿಯವನು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಭಾವ, ಏಳಿ. ಮನೆಗೆ ಬನ್ನಿ."

"ಯಾಕೋ? ನಿಮ್ಮಕ್ಕ ನಿಮ್ಮನೆಗೇ ಬಂದಿದ್ದಾಳಲ್ಲ?"

ಅವನು ಭಾವನ ಕೈಯಲ್ಲಿದ್ದ ಲೋಟವನ್ನು ತೆಗೆದು ಬೆಂಚಿನ ಮೇಲಿಟ್ಟ. ಆಗ ಡ್ರೈವರಣ್ಣನಿಗೆ ತಿಳಿಯಿತು.

ತಮ್ಮನ ಮನೆಯ ಪಡಸಾಲೆಯಲ್ಲಿ ಬೆತ್ತದ ಕುರ್ಚಿಗೆ ಒರಗಿಕೊಂಡು ಅವಳು ಹಾಗೆಯೇ ಹೋಗಿಬಿಟ್ಟಿದ್ದಳು. ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಪುಣ್ಯವಂತೆ ಎಂದರು ಬಂದವರೆಲ್ಲ. ಡ್ರೈವರಣ್ಣ ಮೂಲೆಯಲ್ಲಿ ಕೂತು ಕೇಳಿಸಿಕೊಂಡ.

ಮಾಡಬೇಕಾದ ಕಾರ್ಯಗಳೆಲ್ಲ ಮುಗಿದು ನೆಂಟರು ಚದುರಿದ ಮೇಲೆ ಅವಳ ತಮ್ಮ ಬಂದು ಪಕ್ಕದಲ್ಲಿ ಕೂತ.

"ಭಾವ, ಒಂದು ಮಾತು. ಅಕ್ಕ ಆವತ್ತು ನಮ್ಮನೆಗೆ ಬಂದಿದ್ದು ಕಾರು ಕೇಳೋಕೆ. 'ಇನ್ನೊಂದು ಸಲ ಕೊಡೋ, ಸಮುದ್ರದ ದಾರೀಲಿ ನಿಮ್ಮ ಭಾವನಿಗೆ ಒಂದು ತೋರಿಸೋದಿದೆ' ಅಂದ್ಲು. ಏನಕ್ಕಾ ಅಂದೆ. 'ನಿನಗ್ಯಾಕೋ, ಅದು ಗಂಡ ಹೆಂಡತಿ ಮಾತು' ಅಂತ ನಕ್ಕಳು. ಬೀಗದ ಕೈ ತರೋಣ ಅಂತ ನಾನು ಒಳಗೆ ಹೋದೆ. ಬರೋಷ್ಟರಲ್ಲಿ..."

ತೋರಿಸುವುದು ಏನಿತ್ತು? ಅಂದಿನಿಂದ ಆ ಪ್ರಶ್ನೆ ಅವನನ್ನು ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನಂತೆ ಕಾಡತೊಡಗಿತು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಅವಳು ಸಮುದ್ರ ತೋರಿಸಿ ಎಂದು ಕೇಳಲು ಶುರುಮಾಡಿದ್ದು ಮದುವೆಯಾದ ಹೊಸತರಲ್ಲಿ. ಗಂಡನ ಬಸ್ಸು ಓಡುವುದು ಕಡಲ ದಂಡೆಯ ರಸ್ತೆಯಲ್ಲೇ. ಡ್ರೈವರನ ಹೆಂಡತಿಗೆ ಟಿಕೆಟ್ಟೂ ಬೇಡ. ಆದರೆ ಅವನದು ಒಂದೇ ಮಾತು. "ಡ್ಯೂಟಿ ಅಂದ್ರೆ ಡ್ಯೂಟಿ. ಮನೆಯೋರನ್ನ ಕೂರಿಸಿಕೊಂಡು ಹೋದ್ರೆ ಕಣ್ಣು ರಸ್ತೆ ಮೇಲಿರಲ್ಲ. ರಿಟೈರ್ ಆಗಲಿ, ಕಾರಲ್ಲೇ ಕರ್ಕೊಂಡು ಹೋಗ್ತೀನಿ." ಸವತಿ ಎಂದು ಕರೆದ ಆ ಬಸ್ಸನ್ನು ಅವಳು ಶೆಡ್ಡಿಗೆ ಬುತ್ತಿ ತಂದುಕೊಡುವಾಗ ಹೊರಗಿನಿಂದ ನೋಡಿದ್ದಷ್ಟೇ. ಒಂದು ದಿನವೂ ಹತ್ತಿ ಕೂತವಳಲ್ಲ. ತಿರುವುಗಳಲ್ಲಿ ಬುತ್ತಿ ಉರುಳಿ ಮಜ್ಜಿಗೆ ಚೆಲ್ಲುತ್ತದೆ ಎಂದು ಅವನು ದೂರಿದಾಗ, ಹಳೆಯ ಸೌಟಿನ ಹಿಡಿಯನ್ನು ಕಲ್ಲಿನಿಂದ ಕುಟ್ಟಿ ಬಗ್ಗಿಸಿ ಕೊಕ್ಕೆ ಮಾಡಿ ಕೊಟ್ಟಿದ್ದಳು. "ಇದನ್ನ ಸವತಿಗೆ ಮೂಗುತಿ ಮಾಡಿ" ಎಂದಿದ್ದಳು. ಅವಳ ಪರವಾಗಿ ಆ ಬಸ್ಸಿನಲ್ಲಿ ಓಡಾಡಿದ್ದು ಆ ಕೊಕ್ಕೆ ಮಾತ್ರ.

ನಿವೃತ್ತಿಯಾಗಿ ಎಷ್ಟೋ ಕಾಲದ ಮೇಲೆ, ಅವಳು ತೀರಿಕೊಳ್ಳುವುದಕ್ಕೆ ಕೆಲವೇ ವಾರ ಮುಂಚೆ, ಭಾವಮೈದುನನ ಕಾರು ಕೇಳಿ ತಂದು ಅವಳನ್ನು ಕರೆದುಕೊಂಡು ಹೋದ. ಹೊರಡುವ ಮುನ್ನ ಎಂದಿನಂತೆ ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, "ದೇವರೇ, ಹತ್ತಿದವರೆಲ್ಲ ಕ್ಷೇಮವಾಗಿ ಇಳಿಯಲಿ" ಎಂದು ಪ್ರಾರ್ಥಿಸಿದ. ಅದು ಅವನು ಕೆಲಸಕ್ಕೆ ಸೇರಿದ ದಿನದಿಂದ ತಪ್ಪದೆ ಹೇಳಿಕೊಂಡು ಬಂದ ಮಾತು. ಎಡಗಡೆಯ ಸೀಟಿನಲ್ಲಿ ಅವಳು ಹೊಸ ಸೀರೆಯುಟ್ಟು ಮಗುವಿನಂತೆ ಕಿಟಕಿಗೆ ಮುಖವೊಡ್ಡಿ ಕೂತಿದ್ದಳು. ಹೋಗುವಾಗ ಕಡಲು ಅವಳ ಕಡೆಗೇ ಇತ್ತು.

"ರೀ, ಎಳನೀರು! ಎಷ್ಟು ಕೆಂಪಗಿದೆ ನೋಡಿ. ನಿಲ್ಸಿ."

"ಇಲ್ಲಿ ಸ್ಟಾಪಿಲ್ಲ ಕಣೇ."

ಅವಳು ಮೊದಲು ತಮಾಷೆ ಎಂದುಕೊಂಡಳು. ಅದು ತಮಾಷೆಯಾಗಿರಲಿಲ್ಲ. ಆ ರಸ್ತೆಯಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದು ಅವನ ಕಾಲಿಗೆ ಅಂಟಿಹೋಗಿತ್ತು. ಬಸ್ ನಿಲ್ಲುವ ಕಡೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಉಳಿದೆಡೆ ಏನು ಮಾಡಿದರೂ ಹೋಗುತ್ತಿರಲಿಲ್ಲ. ಹೀಗಾಗಿ ಕಾರು ನಿಂತಿದ್ದೆಲ್ಲ ಸಿಮೆಂಟಿನ ತಂಗುದಾಣಗಳ ಎದುರು. ಅಲ್ಲಿ ಎಳನೀರೂ ಇರಲಿಲ್ಲ, ಮರಳೂ ಇರಲಿಲ್ಲ.

"ಅಲ್ಲೊಬ್ಬಳು ಬಾಳೆಹಣ್ಣು ಕರೀತಿದ್ದಾಳೆ ರೀ, ವಾಸನೆ ಬಂತಾ?"

"ಮುಂದಿನ ಸ್ಟಾಪಲ್ಲಿ ನೋಡೋಣ."

"ಮುಂದಿನ ಸ್ಟಾಪಿಗೆ ಬಾಣಲೆ ಎತ್ತಿಕೊಂಡು ಅವಳೂ ಬರ್ತಾಳಾ?" ಎಂದು ಅವಳು ನಕ್ಕಳು. ನಗುತ್ತಲೇ ಇದ್ದಳು, ಪಾಪ.

ಅಳಿವೆಯ ಸೇತುವೆ ದಾಟಿ, ಏರು ಮುಗಿದು, ಅವನು ಮೂರನೇ ಗೇರಿನಿಂದ ನಾಲ್ಕಕ್ಕೆ ಹಾಕುತ್ತಿದ್ದಾಗ ಅವಳು ಒಮ್ಮೆಲೇ ಅವನ ತೋಳು ಹಿಡಿದು ಕೂಗಿದಳು. "ಅಯ್ಯೋ, ನಿಲ್ಸಿ ನಿಲ್ಸಿ! ಅಲ್ಲಿ ನೋಡಿ!"

"ಕೈ ಬಿಡೇ! ಓಡೋ ಗಾಡೀಲಿ ಡ್ರೈವರ್ ಕೈ ಹಿಡೀತಾರಾ? ಬುದ್ಧಿ ಬೇಡ್ವಾ?" ಎಂದು ಗದರಿದ. ಕಣ್ಣು ರಸ್ತೆಯಿಂದ ಕದಲಲಿಲ್ಲ.

ಅವಳು ಕೈ ತೆಗೆದಳು. ಸ್ವಲ್ಪ ಹೊತ್ತು ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಆಮೇಲೆ ಸಣ್ಣಗೆ, "ಹೋಗಲಿ ಬಿಡಿ. ಬರುವಾಗ ನಿಮ್ಮ ಕಡೆಗೇ ಸಿಗುತ್ತೆ. ಆಗ ನೀವೇ ನೋಡ್ತೀರಿ, ನಾನು ಹೇಳಲ್ಲ" ಎಂದಳು. ಆ ಮಾತಿನಲ್ಲಿ ಗುಟ್ಟಿನ ಸಂತೋಷವಿತ್ತು ಎಂಬುದು ಅವನಿಗೆ ಈಗ ನೆನಪಾಗುತ್ತದೆ.

ಬರುವಾಗ ಅವನು ಒಳನಾಡಿನ ಹೊಸ ರಸ್ತೆ ಹಿಡಿದ. ಬೇಗ ಮನೆ ಸೇರಬಹುದೆಂದು. "ಈ ದಾರೀಲಿ ಸಮುದ್ರ ಬರಲ್ವಾ?" ಎಂದು ಅವಳು ಒಮ್ಮೆ ಕೇಳಿದಳು. ಬರಲ್ಲ ಎಂದ. ಅವಳು ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ದಣಿದಿದ್ದಾಳೆ ಎಂದುಕೊಂಡ.

ಇಷ್ಟನ್ನೂ ಅವನು ಚಹಾದಂಗಡಿಯ ಬೆಂಚಿನ ಮೇಲೆ ಕೂತು ಕಂಡಕ್ಟರನಿಗೆ ಹೇಳಿದ. ಕಂಡಕ್ಟರ್ ತಮಾಷೆ ಮಾಡಲಿಲ್ಲ. "ಕಾರು ತಗೋ ಗುರುವೇ. ನಾನು ಅತ್ತಿಗೆ ಸೀಟಲ್ಲಿ ಕೂರ್ತೀನಿ. ಕಣ್ಣಿಟ್ಟು ನೋಡ್ತೀನಿ" ಎಂದ.

ಹಾಗೆ ಮುದುಕರಿಬ್ಬರೂ ಬೆಳಗಿನಲ್ಲೇ ಹೊರಟರು. ಬಿಸಿಲು ಇನ್ನೂ ಹದವಾಗಿತ್ತು. ತೆಂಗಿನ ಸಾಲುಗಳ ಸಂದಿನಿಂದ ಕಡಲು ಕಾಣುವುದು, ಮರೆಯಾಗುವುದು ಮಾಡುತ್ತಿತ್ತು. ಮರಳಿನ ಮೇಲೆ ಬಲೆ ಹರವಿ ಹೆಂಗಸರು ಸಿಕ್ಕು ಬಿಡಿಸುತ್ತಿದ್ದರು. ಕೆಂಪು ಎಳನೀರಿನ ರಾಶಿ ಬಂದಾಗ ಡ್ರೈವರಣ್ಣ ಹಲ್ಲು ಕಚ್ಚಿ, ಸ್ಟಾಪಿಲ್ಲದ ಕಡೆ ಬ್ರೇಕ್ ಒತ್ತಿದ. ಒಂದು ಎಳನೀರು ಕುಡಿದ. ಸಿಹಿಯಾಗಿತ್ತು. ಅಷ್ಟು ಸಿಹಿಯಾಗಿರಬಾರದಿತ್ತು ಎನಿಸಿತು.

ಬಾಣಲೆಯವಳು ಎಲೆಯಲ್ಲಿ ಕರಿದ ಬಾಳೆಹಣ್ಣು ಕೊಟ್ಟಳು. "ಬಿಸಿ ಇದೆ ಅಜ್ಜಾ, ನಿಧಾನ. ಅಜ್ಜಿಗೂ ಕಟ್ಟಿಕೊಡ್ಲಾ?" ಎಂದಳು.

ಕಂಡಕ್ಟರ್ ಮುಂದೆ ಬಂದು, "ಕಟ್ಟಿಕೊಡಮ್ಮಾ" ಎಂದ. ಆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಎಡಗಡೆಯ ಸೀಟಿನಲ್ಲಿ ಕೂತ.

ಸೇತುವೆ ಬಂತು. ಕೆಳಗೆ ಹೊಳೆಯ ಕಂದು ನೀರು ಕಡಲಿನ ಹಸಿರಿಗೆ ಸೇರುತ್ತಿತ್ತು. ಏರು ಮುಗಿಯಿತು. "ಇಲ್ಲೇ. ಗೇರ್ ಬದಲಾಯಿಸ್ತಿದ್ದೆ. ನೋಡು, ಸರಿಯಾಗಿ ನೋಡು" ಎಂದ. ಅವನ ಕಣ್ಣು ಮಾತ್ರ ರಸ್ತೆಯ ಮೇಲೆಯೇ ಇತ್ತು. ಎಡಕ್ಕೆ ಗಾಳಿಮರಗಳ ತೋಪು ಗೋಡೆಯಂತೆ ಸಾಗಿತ್ತು. ನಡುವೆ ಒಂದು ಕಡೆ ಮರ ಬಿದ್ದು ಕಿಟಕಿಯಷ್ಟು ತೆರಪಾಗಿತ್ತು.

"ಹೋಲ್ಡಾನ್!"

ಬಸ್ಸು ನಿಲ್ಲಿಸಲು ಕಂಡಕ್ಟರ್ ದಿನವೂ ಕೂಗುತ್ತಿದ್ದ ಆ ಕೂಗಿಗೆ ಕಾರು ಇದ್ದಲ್ಲೇ ನಿಂತಿತು. ಹೆಂಡತಿ ತೋಳು ಹಿಡಿದು ಬೇಡಿಕೊಂಡರೂ ಕದಲದ ಕಾಲು, ಕಂಡಕ್ಟರನ ಒಂದು ಮಾತಿಗೆ ಬ್ರೇಕಿನ ಮೇಲೆ ಹೋಗಿ ಕೂತಿತ್ತು. ಡ್ರೈವರಣ್ಣ ಆ ಕಾಲನ್ನೇ ನೋಡುತ್ತ ಕೂತ.

"ಏನು ಕಾಣ್ತು?"

ಕಂಡಕ್ಟರ್ ತನ್ನ ಕಡೆಯ ಬಾಗಿಲು ತೆಗೆದ. "ನಾನು ಹೇಳಲ್ಲ. ಅತ್ತಿಗೆ ನೀನೇ ನೋಡ್ಬೇಕು ಅಂದ್ರಲ್ಲ. ಇಳಿ. ನೋಡು."

ಇಳಿದ. ತೆರಪಿನಲ್ಲಿ ನಿಂತು ಕೆಳಗೆ ನೋಡಿದ. ದಿಬ್ಬದಡಿಯ ಮರಳಿನ ಮೇಲೆ, ಗಾಲಿಗಳಿಲ್ಲದೆ, ಕಲ್ಲಿನ ಕಟ್ಟೆಯ ಮೇಲೆ ಕೂತಿತ್ತು ಒಂದು ಹಳೆಯ ಬಸ್ಸು. ಮೇಲೆ ತಗಡಿನ ಚಪ್ಪರ, ಕಿಟಕಿಯಿಂದ ಅಡುಗೆಯ ಹೊಗೆ. ಹಳದಿ ಮೈ ಉಪ್ಪುಗಾಳಿಗೆ ಬಿಳಿಚಿಕೊಂಡಿತ್ತು. ಡ್ರೈವರನ ಕಡೆಯ ಬಾಗಿಲು ನೀಲಿ.

ಗುಜರಿಗೆ ಹೋಗಿ ಚೂರುಚೂರಾಗಿರಬೇಕು ಎಂದು ಅವನು ಅಂದುಕೊಂಡಿದ್ದ. ಅದು ಇಲ್ಲಿ, ಅವನು ಎಂದೂ ತಿರುಗಿ ನೋಡದ ಕಡಲಿನೆದುರು, ಮನೆ ಮಾಡಿಕೊಂಡಿತ್ತು. ತನಗೇನೋ ತಿನ್ನಲು ಬೇಕಾಗಿ ಅವಳು ನಿಲ್ಲಿಸಲು ಕೂಗಿದಳು ಎಂದು ಅವನು ತಿಳಿದಿದ್ದ. ಅವಳು ಕೂಗಿದ್ದು ಅವನಿಗಾಗಿ.

ಇಬ್ಬರೂ ಮರಳಿಗಿಳಿದರು. ಸೌಟು ಹಿಡಿದ ನಡುವಯಸ್ಸಿನ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. "ಬನ್ನಿ ಬನ್ನಿ, ಹತ್ತಿ. ಈ ಬಸ್ಸು ಎಲ್ಲಿಗೂ ಹೋಗಲ್ಲ, ಹೆದರಬೇಡಿ. ಅನ್ನ, ಮೀನಿನ ಸಾರು ಇದೆ. ಕೆಂಡದಲ್ಲಿ ಸುಟ್ಟಿದ್ದು ಬೇಕಾ?"

"ಇದನ್ನ ಓಡಿಸ್ತಿದ್ದಿದ್ದು ಇವರೇ ತಾಯಿ" ಎಂದ ಕಂಡಕ್ಟರ್.

"ಹೌದಾ!" ಎಂದು ಅವಳು ಕೈ ಒರೆಸಿಕೊಂಡು ನಮಸ್ಕಾರ ಮಾಡಿದಳು. "ಹಾಗಾದ್ರೆ ಡ್ರೈವರ್ ಸೀಟಲ್ಲೇ ಕೂತ್ಕೊಳ್ಳಿ ಯಜಮಾನ್ರೇ, ಹಾಗೇ ಇಟ್ಟಿದ್ದೀನಿ. ಈ ಬಾಗಿಲೊಂದು ನೋಡಿ, ದರಿದ್ರ, ಹೊಂದೋದೇ ಇಲ್ಲ. ಬಣ್ಣದೋನಿಗೆ ಹೇಳಿದ್ದೀನಿ, ಹಳದಿ ಹೊಡೆಸಿಬಿಡ್ತೀನಿ."

"ಬೇಡಮ್ಮಾ." ಅವನು ಕೈ ಮುಗಿದ. "ಹಾಗೇ ಇರಲಿ. ಅದನ್ನ ಗುರುತು ಹಿಡಿಯೋರು ಇದ್ದರು."

ನೀಲಿ ಬಾಗಿಲಿನ ಮೇಲೆ ಕೈಯಿಟ್ಟ. ಹೊಟೇಲಿನವಳಿಗೂ ಅರ್ಥವಾಯಿತೇನೋ, "ಆಯ್ತಣ್ಣಾ, ಇರಲಿ ಬಿಡಿ" ಎಂದು ಮೆಲ್ಲಗೆ ಹೇಳಿ ಒಲೆಯ ಕಡೆ ಹೋದಳು.

ಡ್ರೈವರನ ಸೀಟಿನ ಹಿಂದಿನ ಕಂಬಿಯಲ್ಲಿ ಕೊಕ್ಕೆ ಇನ್ನೂ ಇತ್ತು, ಸೌಟಿನ ಹಿಡಿಯನ್ನು ಕುಟ್ಟಿ ಬಗ್ಗಿಸಿದ್ದು. ಈಗ ಅದಕ್ಕೆ ಹೊಟೇಲಿನವಳ ಕೈವಸ್ತ್ರ ನೇತುಬಿದ್ದಿತ್ತು. ಕಲ್ಲಿನ ಏಟು ತಪ್ಪಿ ಬಿದ್ದ ಕಡೆ ತಗ್ಗಾಗಿರುವುದನ್ನು ಅವನು ಬೆರಳಿನಿಂದ ಸವರಿ ನೋಡಿದ. ಅಂದು ಆ ಏಟು ಅವಳ ಹೆಬ್ಬೆರಳಿಗೂ ಬಿದ್ದಿತ್ತು. ಉಗುರು ಕಪ್ಪಾಗಿತ್ತು. ಕೇಳಿದ್ದಕ್ಕೆ, "ಸವತಿ ಕಚ್ಚಿದ್ಲು" ಎಂದಿದ್ದಳು.

ತನ್ನ ಸೀಟಿನಲ್ಲಿ ಅವನು ಕೂರಲಿಲ್ಲ. ಕಡಲ ಕಡೆಯ ಇಬ್ಬರು ಕೂರುವ ಸೀಟಿನಲ್ಲಿ, ಕಿಟಕಿಯ ಪಕ್ಕದ ಜಾಗ ಬಿಟ್ಟು, ಈಚೆಗೆ ಕೂತ. ಕಂಡಕ್ಟರ್ ಕೂರಲು ಜಾಗವಿದ್ದರೂ ಕೂರದೆ ಹಳೆಯ ರೂಢಿಯಂತೆ ಬಾಗಿಲ ಬಳಿ ಕಂಬಿ ಹಿಡಿದು ನಿಂತುಕೊಂಡ. ಬಾಳೆಹಣ್ಣಿನ ಪೊಟ್ಟಣವನ್ನು ತಂದು ಆ ಖಾಲಿ ಜಾಗದಲ್ಲಿಟ್ಟ.

ಊಟ ಬಂತು. ಬಿಸಿ ಅನ್ನ, ಹುಳಿ ಮುಂದಾಗಿದ್ದ ಮೀನಿನ ಸಾರು. ಒಂದೊಂದೇ ತುತ್ತು ತಿನ್ನುತ್ತ, ಖಾಲಿ ಜಾಗದ ಆಚೆಯ ಕಿಟಕಿಯಿಂದ ಅವನು ಕಡಲನ್ನು ನೋಡಿದ. ಆಯುಷ್ಯವೆಲ್ಲ ಇದರ ಪಕ್ಕದಲ್ಲೇ ಬಸ್ಸು ಓಡಿಸಿದ್ದ. ರಸ್ತೆಯ ಒಂದೊಂದು ಗುಂಡಿಯನ್ನೂ ಬಲ್ಲ. ಅಲೆ ಹೀಗೆ ಬಂದು ಹೀಗೆ ಮುರಿಯುತ್ತದೆ ಎಂಬುದನ್ನು ಇಂದೇ ಕಂಡಿದ್ದ. ತೋರಿಸಬೇಕಾದವಳು ಪಕ್ಕದಲ್ಲಿರಲಿಲ್ಲ.

ಎಷ್ಟು ಹೊತ್ತು ಕೂತಿದ್ದನೋ. ಡ್ರೈವರಣ್ಣ ಕೈ ತೊಳೆದು ಬಂದು, ಮುಂದಿನ ಸೀಟಿನ ಕಂಬಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಪ್ರತಿ ಬೆಳಗಿನ ಅದೇ ಪ್ರಾರ್ಥನೆ ನಾಲಿಗೆಗೆ ಬಂತು. ಈ ಸಲ ಅದು ಅಷ್ಟಕ್ಕೇ ನಿಲ್ಲಲಿಲ್ಲ.

"ದೇವರೇ, ಹತ್ತಿದವರೆಲ್ಲ ಕ್ಷೇಮವಾಗಿ ಇಳಿಯಲಿ ಅಂತ ದಿನಾ ಬೇಡಿದೆ, ನೀನು ನಡೆಸಿಕೊಟ್ಟೆ. ನಾನು ಹತ್ತಿಸಿಕೊಳ್ಳದವಳು ಒಬ್ಬಳಿದ್ದಳು. ಈಗ ನಿನ್ನ ಬಳಿ ಬಂದಿದ್ದಾಳೆ. ಅವಳಿಗೆ ಕಿಟಕಿ ಪಕ್ಕದಲ್ಲಿ ಜಾಗ ಕೊಡು. ಅವಳು ನಿಲ್ಲಿಸು ಅಂದ ಕಡೆ ನಿಲ್ಲಿಸು. ಸ್ಟಾಪಿಲ್ಲ ಅನ್ನಬೇಡ. ಅವಳು ತೋರಿಸಿದ್ದನ್ನ ತಿರುಗಿ ನೋಡು ತಂದೇ. ಆ ಜೀವಕ್ಕೆ ಶಾಂತಿ ಕೊಡು."