ಕೋಲಿಲ್ಲದೆ, ಹಗ್ಗವಿಲ್ಲದೆ

ಹಾಗಾದ್ರೆ ಇವೆರಡನ್ನ ಹಿಡ್ಕೊಂಡಿರೋದು ಯಾರು — ಇವರ ಶಿಷ್ಯ ಶೌಭಿಕ್ ಕೇಳುತ್ತಾನೆ, ನನ್ನನ್ನಲ್ಲ, ಯಾರನ್ನೂ ಅಲ್ಲ, ಪೆನ್ಸಿಲ್ ನಿಂತಿದೆ, ಇವರ ಕೊನೆಯ ಲೆಕ್ಕದ ಹನ್ನೊಂದನೆಯ ಸಾಲು, ನೋಡದೆಯೂ ಗೊತ್ತು ನನಗೆ, ಆಸ್ಪತ್ರೆಯ ಮಂಚದ ಮೇಲೆ ಇವರು ಓದಿ ಹೇಳುವಾಗ ದನಿ ಅಲ್ಲೇ ಎಡವಿತ್ತು, ಮೂವತ್ತು ವರ್ಷ ಸಂಜೆಯ ಚಹಾದ ಹೊತ್ತಿಗೆ ಗಂಡನ ಗಣಿತ ಕೇಳಿದವಳು ನಾನು, ಅರ್ಥವಾಗಿ ಅಲ್ಲ, ನನ್ನಪ್ಪ, ಬಾಬಾ, ತುಳಸಿಯ ಮುಂದೆ ಕೂತು ಪದ್ಯ ಓದುವಾಗ ಮಗಳಾಗಿ ಕೇಳಿದ ಹಾಗೆ, ಒಂದಕ್ಷರ ಕಡಿಮೆ ಬಿದ್ದರೆ ಬಾಬಾ ರಾಗ ಎಳೆದು ಮುಚ್ಚುತ್ತಿರಲಿಲ್ಲ, ನಿಲ್ಲಿಸಿ ಹಿಂದಿನ ಸಾಲಿಗೆ ಹೋಗುತ್ತಿದ್ದರು, ಇವರು ಎಳೆದು ಮುಚ್ಚಿದರು, ಕಿವಿಗೆ ತಿಳಿಯಿತು, ಬಾಯಿ ತೆರೆದೆ, ಅಷ್ಟರಲ್ಲಿ ನಕ್ಕುಬಿಟ್ಟರು — ನೋಡೇ, ಕೊನೆಗೂ ನಿಂತ್ವು, ಎರಡು ಭಾರದ ಕಾಯ, ನಡುವೆ ಕೋಲಿಲ್ಲ, ಆಚೀಚೆ ಹಗ್ಗವಿಲ್ಲ, ಒಂದರ ಮೇಲೊಂದು ಬೀಳದೆ ಸುಮ್ನೆ ನಿಂತಿವೆ, ಆಗಲ್ಲ ಅಂದಿದ್ರಲ್ಲ ಎಲ್ರೂ — ನೀರು ಬೇಕಾ ಎಂದೆ, ಅಷ್ಟೇ ಎಂದೆ, ಎಂಟು ದಿನ ಕಳೆದು ಮಂಚ ಖಾಲಿ. ಬೌದಿ, ಅತ್ತಿಗೆಯನ್ನು ಕರೆದ ಹಾಗೆ ಕರೆಯುತ್ತಾನೆ ಶೌಭಿಕ್, ನಡುವಿನ ಕೋಲು ಹೋಗಿದೆ, ಸರಿ, ಆದ್ರೆ ಹೊರಗಡೆ ಸುತ್ತು ಪೂರ್ತಿ ಬರ್ತಿಲ್ಲ, ಎರಡೂ ಕಡೆ ಹಗ್ಗ ಎಳೀತಿದೆ, ಪ್ರಿಯದಾ ಅಲ್ಲಿ ನೋಡ್ಲೇ ಇಲ್ಲ — ಇವರು ಅವನಿಗೆ ಪ್ರಿಯದಾ — ಗೊತ್ತಪ್ಪಾ ಆ ಸುತ್ತು, ಮದುವೆಯ ಹೊಸತು, ಢಾಕುರಿಯಾ ಕೆರೆಯ ದಂಡೆ, ಝಾಲ್‌ಮುರಿ, ಖಾರದ ಮಂಡಕ್ಕಿ, ಮುಗಿಸಿ ಪೊಟ್ಟಣ ಬಿಡಿಸಿ, ಕಾಗದವನ್ನು ದುಂಡಗೆ ಹರಿದು, ಬೀಸಣಿಗೆಯಂಥ ಒಂದು ಚೂರು ತೆಗೆದು, ಸುತ್ತು ಅಷ್ಟು ಕಡಿಮೆ ಮಾಡಿ, ಅಂಚಿಗೆ ಅಂಚು ಕೂಡಿಸಿ ಮತ್ತೆ ಪೊಟ್ಟಣ ಮಾಡಿದ್ದರು, ಬೆರಳ ತುಂಬ ಸಾಸಿವೆ ಎಣ್ಣೆ, ಎಲ್ಲ ನುಣುಪು, ನೋಡು, ಈ ತುದಿ ಒಂದು ಬಿಟ್ಟು, ತುದಿ ಇದೆ ಅಂದ್ರೆ ಅಲ್ಲೊಂದು ಹಗ್ಗ ಇದೆ — ದಾದಾ, ಖಾಲಿ ಪೊಟ್ಟಣ ನೋಡ್ತಾ ಕೂತ್ರೆ ಹೆಂಡ್ತಿ ಎದ್ದು ಹೋಗ್ತಾಳೆ ಅಂದಿದ್ದ ಮುರಿಯವನು, ನಾನು ಏಳಲಿಲ್ಲ, ಇನ್ನೊಂದು ಕೊಡಿಸಿ ಎಂದಿದ್ದೆ, ಖಾರ ಜಾಸ್ತಿ. ಶೌಭಿಕ್, ವರ್ಷದ ನೆನಪಿನ ಸಂಚಿಕೆ ಅಲ್ವೇನೋ, ಯಾರು ಅಷ್ಟು ಕೆದಕ್ತಾರೆ, ಇದ್ದ ಹಾಗೇ ಹಾಕ್ಬಿಡು, ಅವರ ಕೊನೇದು — ಹೇಳುವಾಗ ನನ್ನ ದನಿಯೂ ಎಡವಿತು, ಅವನ ಕಣ್ಣು ತುಂಬಿದೆ, ಪೆನ್ಸಿಲ್ ಕೆಳಗಿಡುತ್ತಾನೆ, ಆ ದಿನ ಒಂದು ಮಾತು, ಆ ಸಾಲು ಇನ್ನೊಮ್ಮೆ ಓದಿ ಎಂದಿದ್ದರೆ, ಎಂಟು ದಿನ ಇತ್ತಲ್ಲ, ಎಂಟು ದಿನ ಅವರಿಗೆ ಸಾಕಿತ್ತಲ್ಲ, ನಗು ಕೆಡಬಾರದೆಂದು, ನಗು — ಎಣ್ಣೆ ಹೀರಿದ ಕಾಗದ, ಪೊಟ್ಟಣದ ತುದಿ, ಆ ತುದಿ — ಇಲ್ಲ ಬೌದಿ, ಹಗ್ಗ ಇಟ್ಕೊಂಡು ಹಾಕಲ್ಲ.